ಅತ್ತೆ ಅಡುಗೆಮನೆ ಬಿಟ್ಟ ದಿನಗಳು

ಸಂಜೆ ಆರು ಗಂಟೆ ಇಪ್ಪತ್ತು ನಿಮಿಷ. ಆಫೀಸಿನಿಂದ ಬಂದು ಶೂ ಬಿಚ್ಚಲು ಬಗ್ಗಿದ್ದೆ. ಗೋಡೆಯ ಗಡಿಯಾರ ಆಗಷ್ಟೇ ಕಣ್ಣಿಗೆ ಬಿದ್ದಿದ್ದರಿಂದ ಸಮಯ ನೆನಪಿದೆ. ಅಡುಗೆಮನೆಯಲ್ಲಿ ಬೆಳಕು ಇರಬೇಕಾದದ್ದಕ್ಕಿಂತ ಹೆಚ್ಚಾಗಿತ್ತು.

ಧಾರವಾಡದಿಂದ ಲಂಡನ್ನಿನ ನಮ್ಮ ಮನೆಗೆ ಆರು ತಿಂಗಳಿಗೆಂದು ಬಂದಿದ್ದ ಅತ್ತೆ, ಸಾರಿನ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಬಾಲ್ಕನಿಯ ಕುಂಡದಿಂದ ಕೊತ್ತಂಬರಿ ತರಲು ಹೋಗಿದ್ದರು. ನಮ್ಮದು ಉರಿ ಕಾಣಿಸದ ಕರೆಂಟ್ ಒಲೆ. ಗ್ಯಾಸಿನ ಉರಿ ನೋಡಿ ರೂಢಿಯಾದ ಕಣ್ಣಿಗೆ ಅದು ಎಷ್ಟು ಕಾದಿದೆಯೆಂದು ತಿಳಿಯುವುದಿಲ್ಲ. ಸ್ಮೋಕ್ ಅಲಾರಂ ಕೂಗಲಿಲ್ಲ. ಪ್ರತಿ ಒಗ್ಗರಣೆಗೂ ಬಡಿದುಕೊಳ್ಳುತ್ತದೆಂದು ನನ್ನ ಗಂಡ ಅದಕ್ಕೆ ಯಾವುದೋ ಹೋಟೆಲಿನ ಶವರ್ ಕ್ಯಾಪ್ ತೊಡಿಸಿದ್ದ. ನಾವಿರುವ ರೇನರ್ಸ್ ಲೇನ್ ಸುತ್ತಮುತ್ತ ನಮ್ಮವರ ಎಷ್ಟೋ ಮನೆಗಳಲ್ಲಿ ಅದು ಹೀಗೆಯೇ ಟೋಪಿ ಹಾಕಿಕೊಂಡು ಕೂತಿರುತ್ತದೆ.

ನಾನು ನೋಡಿದಾಗ ಅತ್ತೆ, ಎಣ್ಣೆ ಹೊತ್ತಿಕೊಂಡ ಪುಟ್ಟ ಬಾಣಲೆಯನ್ನು ಹಿಡಿದು ನಲ್ಲಿಯ ಕಡೆ ತಿರುಗಿದ್ದರು. ಸೆರಗು ಜೋತಾಡುತ್ತಿತ್ತು. ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಚಾವಣಿಯವರೆಗೂ ಚಿಮ್ಮುತ್ತದೆ. ನೀರು ಬೇಡ, ಅಲ್ಲೇ ಇಡಿ ಎಂದು ಕೂಗಿದೆ. ಇಟ್ಟರು. ಕೈಗೆ ಸಿಕ್ಕ ಸ್ಟೀಲ್ ತಟ್ಟೆಯನ್ನು ಅದರ ಮೇಲೆ ಮುಚ್ಚಿ, ಒಲೆ ಆರಿಸಿದೆ. ಅಷ್ಟೇ. ಅತ್ತೆಯ ಎರಡು ಬೆರಳಿಗೆ ಬೊಬ್ಬೆ, ಕಪಾಟಿನ ಅಡಿಯಲ್ಲಿ ಮಸಿ. ಏನೂ ಆಗಲಿಲ್ಲವಲ್ಲ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ.

ಆದರೆ ನನ್ನ ತಲೆಯೊಳಗೆ ಅತ್ತೆ ದಿನವೂ ನಲ್ಲಿ ತಿರುಗಿಸಿಯೇಬಿಡುತ್ತಿದ್ದರು. ಟ್ಯೂಬ್ ರೈಲಿನಲ್ಲಿ, ಮೀಟಿಂಗಿನಲ್ಲಿ, ಹಾಸಿಗೆಯಲ್ಲಿ, ಪ್ರತಿ ಸಲವೂ ನಾನು ಕೂಗುವುದು ತಡವಾಗುತ್ತಿತ್ತು. ನಿದ್ದೆ ಚೂರುಚೂರಾಯಿತು.

ಹೊರಗೆ ಕಂಡದ್ದು ಮಾತ್ರ ಭಯವಲ್ಲ, ಸಿಟ್ಟು. ಮಗಳು ಶೂ ಬಿಟ್ಟ ಜಾಗಕ್ಕೆ ಸಿಟ್ಟು, ಗಂಡ ಚಮಚ ಇಟ್ಟ ರೀತಿಗೆ ಸಿಟ್ಟು. ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡು, ನೀವು ಕೂತ್ಕೊಳ್ಳಿ ಎನ್ನುತ್ತಿದ್ದೆ. ಮಾತು ಮರ್ಯಾದೆಯದೇ, ದನಿ ಅಲ್ಲ. ಅವರು ಸೋಫಾಕ್ಕೆ ಸರಿದರು. ಚಹಾ ಬೇಕಾದರೂ ಕೇಳಿ ಕುಡಿಯತೊಡಗಿದರು. ಒಂದು ದಿನ ಗಂಡ, ಅವ್ವ ಎರಡು ತಿಂಗಳು ಮೊದಲೇ ಊರಿಗೆ ಹೋಗುತ್ತಾಳಂತೆ, ಟಿಕೆಟ್ ಬದಲಾಯಿಸಲು ಹೇಳಿದ್ದಾಳೆ ಎಂದ. ನಿನ್ನಿಂದಲೇ ಅಜ್ಜಿ ಹೋಗುತ್ತಿರುವುದು ಎಂದು ಮಗಳು ಇಂಗ್ಲಿಷಿನಲ್ಲಿ ಹೇಳಿ ರೂಮಿನ ಬಾಗಿಲು ಹಾಕಿಕೊಂಡಳು.

ಮರುದಿನ ಸ್ಟೇಷನ್ನಿನಿಂದ ನಡೆದು ಬರುವಾಗ ಗಮನಿಸಿದೆ. ತರಕಾರಿ ಅಂಗಡಿ ದಾಟುವಷ್ಟರಲ್ಲೇ ನಾನು ಹಲ್ಲು ಕಚ್ಚಿಕೊಂಡಿದ್ದೆ. ಮನೆಯಲ್ಲಿ ಯಾರೂ ಇನ್ನೂ ಏನೂ ಮಾಡಿರಲಿಲ್ಲ. ಸಿಟ್ಟು ಮೊದಲು ಬರುತ್ತಿತ್ತು; ಕಾರಣವನ್ನು ನಾನು ಮನೆಗೆ ಹೋದ ಮೇಲೆ ಹುಡುಕಿಕೊಳ್ಳುತ್ತಿದ್ದೆ. ಬಸ್ ಸ್ಟಾಪಿನಲ್ಲಿ ಸುಮ್ಮನೆ ಕೂತೆ. ಹಸಿವಾಗಿದೆ ಎಂಬುದೂ ಅಲ್ಲಿಯೇ ಗೊತ್ತಾಯಿತು. ಚೀಲದಲ್ಲಿದ್ದ ಬಾಳೆಹಣ್ಣು ತಿಂದು, ಉಸಿರು ನಿಧಾನವಾದ ಮೇಲೆ ಮನೆಗೆ ಬಂದು ಅತ್ತೆಯ ಪಕ್ಕ ಕೂತೆ.

"ಅತ್ತೆ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆವತ್ತಿನ ಬೆಂಕಿ ಕಣ್ಣ ಮುಂದಿಂದ ಹೋಗ್ತಿಲ್ಲ. ನೀವು ಒಲೆ ಹತ್ರ ಹೋದ್ರೆ ಭಯ ಆಗುತ್ತೆ."

ಅವರು ಟಿವಿಯ ದನಿ ತಗ್ಗಿಸಿದರು. "ಹೆದರೀನಿ ಅಂದಿದ್ರ ಬೆನ್ನ ಮ್ಯಾಲೆ ಕೈ ಆಡಿಸ್ತಿದ್ನಿ ಯವ್ವಾ. ಸಿಟ್ಟಾದ್ರ ನಾ ಏನ್ ಮಾಡ್ಲಿ?" ರಿಮೋಟ್ ಬದಿಗಿಟ್ಟು ಹೇಳಿದರು, "ನನಗೂ ಆ ಒಲಿ ಕಂಡ್ರ ಅಂಜಿಕಿ ಬರ್ತೈತಿ. ನೀ ಸೌಟ ಕಸಗೊಂಡಾಗ ಒಂದೊಂದ ಸಲ, ಪಾರಾದ್ನಿ ಅನಸ್ತಿತ್ತು."

ಆ ಭಾನುವಾರ ಮಧ್ಯಾಹ್ನ ಅಲಾರಂನ ಟೋಪಿ ತೆಗೆದು, ಕಿಟಕಿ ತೆರೆದು, ಇಬ್ಬರೂ ಒಲೆಯ ಮುಂದೆ ನಿಂತೆವು. ಒಲೆಯ ಗುಂಡಿಯನ್ನು ಎಲ್ಲಿಯವರೆಗೆ ತಿರುಗಿಸಬೇಕೆಂದು ತೋರಿಸಿದೆ. ಸಾಸಿವೆ ಸಿಡಿದಾಗ ನನ್ನ ಭುಜ ತಾನಾಗಿ ಮೇಲೇರಿತು. ಅಲಾರಂ ಅರಚಿತು, ಮಗಳು ಓಡಿಬಂದು ಟವೆಲ್ ಬೀಸಿದಳು.

"ನಮ್ಮತ್ತಿಗಿಂತ ಜೋರ ಐತಿ ಇದು" ಎಂದರು ಅತ್ತೆ.

ಸಿಟ್ಟು ಅಲ್ಲಿಗೇ ಮುಗಿಯಲಿಲ್ಲ. ಕೆಲವು ಸಂಜೆ ಬಸ್ ಸ್ಟಾಪಿನಲ್ಲಿ ಹೆಚ್ಚು ಹೊತ್ತು ಕೂರುತ್ತಿದ್ದೆ. ಆದರೆ ಇವತ್ತು ಮನಸ್ಸು ಸರಿಯಿಲ್ಲ ಎಂದು ಒಳಗೆ ಬರುತ್ತಲೇ ಹೇಳುವುದನ್ನು ಕಲಿತೆ. ಹಾಗೆ ಹೇಳಿದರೆ ಯಾರೂ ಅದನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಟಿಕೆಟಿನ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ.

ಒಂದು ಗುರುವಾರ ಕಣ್ಣು ಬಿಟ್ಟಾಗ ಪರದೆಯ ಸಂದಿನಲ್ಲಿ ಬಿಸಿಲಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಮಗಳು ಶಾಲೆಗೆ ಹೋಗಿಯಾಗಿತ್ತು. ಅತ್ತೆ ಒಬ್ಬರೇ ಒಲೆ ಸಣ್ಣಗಿಟ್ಟು ಉಪ್ಪಿಟ್ಟು ಮಾಡಿ ಅವಳಿಗೆ ಡಬ್ಬಿ ಕಟ್ಟಿದ್ದರು. ನನಗೆ ಯಾವ ಸದ್ದೂ ಕೇಳಿಸಿರಲಿಲ್ಲ. ತಡವಾಗುತ್ತದೆಂದು ಆಫೀಸಿಗೆ ಮೆಸೇಜ್ ಕಳಿಸಿ, ಅವರ ಎದುರು ಕೂತು ತಿಂದೆ.