ಮಕ್ಬುಲೆಯ ತಲೆವಸ್ತ್ರಕ್ಕೆ ಅಂಚು

ತುರ್ಕಿಯ ಅಕ್‌ಹಿಸಾರದ ಆ ಬೀದಿಯಲ್ಲಿ ಹೆಂಗಸು ಸತ್ತರೆ ಶವಪೆಟ್ಟಿಗೆಯ ತಲೆಯ ಕಡೆಗೆ ಅವಳದೇ ಒಂದು ತಲೆವಸ್ತ್ರ ಹೊದಿಸುತ್ತಾರೆ. ಮಸೀದಿಯ ಅಂಗಳದಲ್ಲಿ ಪೆಟ್ಟಿಗೆ ಇಳಿಸಿದಾಗ ನೆರೆದ ಹೆಂಗಸರ ಕಣ್ಣು ಮೊದಲು ಹೋಗುವುದು ಆ ವಸ್ತ್ರದ ಅಂಚಿಗೆ. ದುಃಖ ಇದ್ದೇ ಇರುತ್ತದೆ, ಆದರೂ ಕಣ್ಣು ಸುಮ್ಮನಿರಬೇಕಲ್ಲ! ಯಾರು ಹೆಣೆದದ್ದು, ಯಾವ ಹೂವು, ದಾರ ರೇಷ್ಮೆಯದೋ ಅಗ್ಗದ್ದೋ, ಎಲ್ಲವೂ ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಆ ವಸ್ತ್ರಕ್ಕೆ ಮಾತ್ರ ಯಾರೂ ತಮಗೆ ತಾವೇ ಅಂಚು ಹೆಣೆದುಕೊಳ್ಳುವುದಿಲ್ಲ. ಹಾಗೆ ಮಾಡಿದರೆ ಸಾವಿಗೆ ಕರೆ ಕಳಿಸಿದ ಹಾಗೆ ಎಂಬ ಹೆದರಿಕೆ. ಮಗಳು ಹೆಣೆಯಬೇಕು, ಇಲ್ಲದಿದ್ದರೆ ಸೊಸೆ, ಅವಳೂ ಇಲ್ಲದಿದ್ದರೆ ತಂಗಿ.

ಮಕ್ಬುಲೆಗೆ ಮಗಳೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಇದ್ದವಳು ತಂಗಿ ಸಬಿಹಾ. ಅವಳಿಗೋ ಕ್ರೋಶಾ ಕಡ್ಡಿ ಹಿಡಿಯುವುದಕ್ಕೂ ಬರುತ್ತಿರಲಿಲ್ಲ.

ತಾಯಿ ಸತ್ತ ಮೇಲೆ ಸಬಿಹಾಳನ್ನು ಸಾಕಿದವಳು ಮಕ್ಬುಲೆಯೇ. ಅಕ್ಕ ಕಿಟಕಿಯ ಪಕ್ಕ ಕೂತು ಬೀದಿಯ ಮದುವಣಗಿತ್ತಿಯರ ತಲೆವಸ್ತ್ರಕ್ಕೆಲ್ಲ ಅಂಚು ಹೆಣೆಯುತ್ತಿದ್ದಳು, ತಂಗಿ ಹೊಗೆಸೊಪ್ಪಿನ ಹೊಲಕ್ಕೆ ಹೋಗುತ್ತಿದ್ದಳು. ಒಮ್ಮೆ ಸಣ್ಣವಳಿದ್ದಾಗ ಸಬಿಹಾ ಕದ್ದು ಒಂದು ಗೇಣು ದಾರದ ಸರಪಳಿ ಹೆಣೆದು ಅಕ್ಕನ ಮುಂದೆ ಹಿಡಿದಿದ್ದಳು. ಮಕ್ಬುಲೆ ದಾರದ ತುದಿ ಹಿಡಿದು ಸರ್ರನೆ ಎಳೆದುಬಿಟ್ಟಳು. ಎಲ್ಲ ಬಿಚ್ಚಿಹೋಯಿತು.

"ನಿನ್ನ ಕೈ ಸೊಪ್ಪು ಪೋಣಿಸೋಕೇ ಸರಿ ಕಣೇ," ಎಂದಳು.

ಸಬಿಹಾ ಆಮೇಲೆ ಕಡ್ಡಿ ಮುಟ್ಟಲಿಲ್ಲ. ಮದುವೆಯಾಯಿತು, ಮಕ್ಕಳಾದವು, ಗಂಡ ಮಣ್ಣಿಗೆ ಹೋದ. ಹೊಗೆಸೊಪ್ಪು ಬೆಳೆಯುವವರೂ ಕಡಿಮೆಯಾದರು. ಆದರೆ ಆ ಸರ್ರೆಂಬ ಸದ್ದು ಅವಳ ಕಿವಿ ಬಿಟ್ಟು ಹೋಗಲಿಲ್ಲ.

ಆಲಿವ್ ಕೊಯ್ಲಿನ ಹೊತ್ತಿಗೆ ಮಕ್ಬುಲೆ ಒಲೆಯ ಮುಂದೆ ಕುಸಿದು ಬಿದ್ದಳು. ಬಲಗೈ ಬಲಗಾಲು ಸತ್ತವು, ಮಾತು ತೊದಲಿತು. ಡಾಕ್ಟರು ಸಬಿಹಾಳನ್ನು ಹೊರಗೆ ಕರೆದು, ಇನ್ನೊಂದು ಸಲ ಹೀಗಾದರೆ ಉಳಿಯುವುದಿಲ್ಲ, ಅದು ಯಾವಾಗ ಬೇಕಾದರೂ ಆಗಬಹುದು ಎಂದರು. ಸಬಿಹಾ ತನ್ನ ಮನೆಗೆ ಬೀಗ ಹಾಕಿ ಅಕ್ಕನ ಮನೆಗೆ ಬಂದಳು. ಬಂದವಳು ಮಾಡಿದ ಮೊದಲ ಕೆಲಸ, ಬಟ್ಟೆ ಪೆಟ್ಟಿಗೆಯ ತಳದಲ್ಲಿ ಅಕ್ಕ ಕಟ್ಟಿಟ್ಟಿದ್ದ ಸಾವಿನ ಗಂಟನ್ನು ಗಾಳಿಗೆ ಹಾಕುವುದು. ಬಿಚ್ಚಿದರೆ ಹೆಣಕ್ಕೆ ಸುತ್ತುವ ಕಫನ್ ಬಟ್ಟೆ, ಸೋಪು, ಟವೆಲ್ಲು, ಅದರ ಕೆಳಗೆ ಕಪ್ಪು ಬಟ್ಟೆಯ ಮೇಲೆ ಸಣ್ಣ ಬಿಳಿ ಹೂವಿನ ತಲೆವಸ್ತ್ರ. ಅಂಚು ಬೋಳು. ಊರಿಗೆಲ್ಲ ಅಂಚು ಕಟ್ಟಿದವಳು ಬೋಳು ವಸ್ತ್ರ ಹೊದ್ದು ಹೋಗುವುದೇ?

ಪಕ್ಕದ ಮನೆಯ ನಾಜಿಫೆ ನೋಡಿ, "ಕೊಡೆ ಇಲ್ಲಿ, ಒಂದು ಮಧ್ಯಾಹ್ನದ ಕೆಲಸ. ನಿನ್ನ ಕೈಲಿ ಆಗೋದಾ ಇದು?" ಎಂದಳು.

"ಯಾಕೆ, ನೀನೇನು ಅವಳ ತಂಗಿಯಾ?"

"ಸರಿ ತಾಯಿ, ಹೆಣಿ. ಮುಗಿಯೋ ಹೊತ್ತಿಗೆ ನಾವೆಲ್ಲಾ ಹೋಗಿರ್ತೀವಿ," ಎಂದು ನಾಜಿಫೆ ಮೂಗು ಮುರಿದಳು.

ಸಬಿಹಾ ಕಡ್ಡಿ ಮತ್ತು ದಾರ ಹಿಡಿದು ಅಕ್ಕನ ಹಾಸಿಗೆಯ ಎಡಕ್ಕೆ ಕೂತಳು. "ಹೇಳಿಕೊಡು ಅಕ್ಕಾ. ಮೊಮ್ಮಗಳ ಮದುವೆ ಪೆಟ್ಟಿಗೆಗೆ ಒಂದು ವಸ್ತ್ರ ಮಾಡಬೇಕು."

"ಯಾವ ಮೊಮ್ಮಗಳು? ಇಜ್ಮಿರ್ ಪಟ್ಟಣದವಳಾ? ಅವಳು ತಲೆ ಮೇಲೆ ಬಟ್ಟೆ ಹಾಕಿದ್ದು ಯಾವತ್ತೇ?" ಮಕ್ಬುಲೆಯ ಬಾಯಿಯ ಒಂದು ಕಡೆ ಮಾತ್ರ ನಕ್ಕಿತು. ಆದರೂ ಹೇಳಿಕೊಟ್ಟಳು. "ದಾರಾನ ತೋರುಬೆರಳಿಗೆ ಸುತ್ತು. ಕಡ್ಡಿ ಕುಣಿಕೆಯೊಳಗೆ ತೂರಿಸು. ಕೊಕ್ಕೆಗೆ ದಾರ ಸಿಕ್ಕಿಸು. ಈಗ ಎಳಿ. ಎಳಿ ಅಂದೆ ಕಣೇ, ಕತ್ತು ಹಿಸುಕು ಅನ್ಲಿಲ್ಲ!"

ಅದೇ ಸಬಿಹಾಳ ತೊಂದರೆ. ಹೊಗೆಸೊಪ್ಪು ಪೋಣಿಸುವವರು ದಾರವನ್ನು ಬಿಗಿಯಾಗಿ ಜಗ್ಗಬೇಕು, ಸಡಿಲ ಬಿಟ್ಟರೆ ತೂಗುಹಾಕಿದಾಗ ಎಲೆ ಜಾರುತ್ತದೆ, ಮೇಸ್ತ್ರಿ ಬೈಯುತ್ತಾನೆ. ಆ ಬಿಗಿ ಬೆರಳುಗಳಿಗೆ ಹತ್ತಿಬಿಟ್ಟಿತ್ತು. ಅವಳು ಹಾಕಿದ ಕುಣಿಕೆಯೊಳಗೆ ಮರುಸಲ ಕಡ್ಡಿಯೇ ಹೋಗುತ್ತಿರಲಿಲ್ಲ. ಹಲ್ಲು ಕಚ್ಚಿ ತೂರಿಸಿದರೆ ಬೆರಳಿಗೆ ಚುಚ್ಚುತ್ತಿತ್ತು.

"ಸಡಿಲ ಬಿಡು. ಕುಣಿಕೆ ಉಸಿರಾಡಬೇಕು," ಎನ್ನುತ್ತಿದ್ದಳು ಮಕ್ಬುಲೆ. ಆಮೇಲೆ ಎಡಗೈ ಚಾಚಿ ದಾರದ ತುದಿ ಹಿಡಿದು ಸರ್ರನೆ ಎಳೆಯುತ್ತಿದ್ದಳು. "ನಾಳೆ ಮತ್ತೆ ಹೆಣಿ."

ಉಣ್ಣೆ ದಾರದಲ್ಲಿ ಸರಪಳಿ ಕೈಗೆ ಬಂದ ಮೇಲೆ ಸಬಿಹಾ ಆ ಕಪ್ಪು ವಸ್ತ್ರವನ್ನೇ ಮಡಿಲಿಗೆ ತಂದಳು. ಬಟ್ಟೆಯ ಅಂಚಿಗೆ ಕಡ್ಡಿ ಚುಚ್ಚಿ, ಆಚೆಯಿಂದ ದಾರ ಎಳೆದು, ಎರಡು ಕುಣಿಕೆ ಒಂದು ಮಾಡುವುದು. ಇಷ್ಟೇ ಕೆಲಸ, ಬೀದಿಯ ಹುಡುಗಿಯರು ಮಾತಾಡುತ್ತಲೇ ಮಾಡುತ್ತಾರೆ. ಇವಳದ್ದು ಒಣಗಿದ ಅಂಜೂರದ ಹಾಗೆ ಸುಕ್ಕುಗಟ್ಟಿ ಸುರುಳಿಯಾಗುತ್ತಿತ್ತು. ಮಕ್ಬುಲೆ ವಸ್ತ್ರ ನೋಡಿದಳು, ಏನೂ ಕೇಳಲಿಲ್ಲ. ಎಳೆದು ಬಿಚ್ಚಿದಳು ಅಷ್ಟೇ. ದಿನವೂ ಇದೇ ಕಥೆ. ಬೆಳಿಗ್ಗೆ ಸೂಪು ಕುಡಿಸಿ ಮೈ ಒರೆಸಿ ಹೆಣೆಯಲು ಕೂತರೆ ಸಂಜೆಗೆ ಎಲ್ಲ ಮಾಯ. ಡಾಕ್ಟರ ಮಾತು ನೆನಪಾದಾಗಲೆಲ್ಲ ಸಬಿಹಾ ಕಡ್ಡಿಯನ್ನು ಇನ್ನಷ್ಟು ಬೇಗ ಆಡಿಸುತ್ತಿದ್ದಳು. ಮುಗಿಯುವುದು ಯಾವಾಗ?

ಚಳಿ ಬಲಿತ ಮೇಲೆ ಒಂದು ದಿನ ಅಂಚು ನಿಜಕ್ಕೂ ಚೆನ್ನಾಗಿ ಬಂತು. ಸುಕ್ಕಿಲ್ಲ, ಸುರುಳಿಯಿಲ್ಲ, ಬಟ್ಟೆ ಸಪಾಟಾಗಿ ಮಲಗಿತು. ಸಬಿಹಾ ಮಗುವಿನ ಹಾಗೆ ಅಕ್ಕನ ಮುಂದೆ ಹಿಡಿದಳು. ಮಕ್ಬುಲೆ ಬೆರಳಾಡಿಸಿ ನೋಡಿದಳು. ಆಮೇಲೆ ಎಳೆದಳು.

ಸಬಿಹಾಳ ತಾಳ್ಮೆ ಮುರಿಯಿತು. "ಇದರಲ್ಲಿ ಏನಿತ್ತು ತಪ್ಪು? ಹೇಳು! ಜೀವಮಾನವಿಡೀ ನಿನಗೆ ನನ್ನ ಕೈ ಕಂಡ್ರೆ ಆಗ್ಲಿಲ್ಲ!"

"ತಪ್ಪಿರ್ಲಿಲ್ಲ."

"ಮತ್ತೆ?"

ಮಕ್ಬುಲೆ ಗೋಡೆಯ ಕಡೆ ಮುಖ ತಿರುಗಿಸಿದಳು. "ಅದು ಯಾವ ಬಟ್ಟೆ ಅಂತ ನಂಗೊತ್ತಿಲ್ವೇನೇ? ಗಂಟು ಕಟ್ಟಿದವಳು ನಾನೇ. ಮುಗಿಸಿ ಮಡಚಿಟ್ಟುಬಿಟ್ರೆ ಆಮೇಲೆ ನಾನು ಏನಕ್ಕೆ ಕಾಯ್ಲಿ? ನಂಗೆ ಹೆದ್ರಿಕೆ ಆಗುತ್ತೆ ಸಬಿಹಾ. ನಾಳೆ ಮತ್ತೆ ಹೆಣಿ."

ಸಬಿಹಾ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತಳು. ಅಕ್ಕನಿಗೂ ಹೆದರಿಕೆ ಎಂಬುದಿದೆ ಎಂದು ಅವಳು ಎಂದೂ ಎಣಿಸಿರಲಿಲ್ಲ.

ಅಲ್ಲಿಂದ ಇಬ್ಬರೂ ಆ ಮಾತು ಎತ್ತಲಿಲ್ಲ. ಒಬ್ಬಳು ಹೆಣೆದಳು, ಒಬ್ಬಳು ಬಿಚ್ಚಿದಳು. ಎಷ್ಟೋ ಸಲ ಬಿಚ್ಚಿದ ದಾರ ಗುಂಗುರು ಕೂದಲಿನ ಹಾಗಾಯಿತು. ವಸ್ತ್ರದ ಅಂಚಿನಲ್ಲಿ ಕಡ್ಡಿ ಚುಚ್ಚಿದ ತೂತುಗಳು ಮಾತ್ರ ಉಳಿದುಕೊಂಡವು. ನಾಜಿಫೆ ಇಣುಕಿ, "ಇನ್ನೂ ಅಲ್ಲೇ ಇದ್ದೀಯಾ?" ಎಂದು ಅಣಕಿಸಿದರೆ ಸಬಿಹಾ, "ಕಲೀತಾ ಇದ್ದೀನಿ," ಎನ್ನುತ್ತಿದ್ದಳು.

ಬಾದಾಮಿ ಮರ ಇನ್ನೇನು ಹೂ ಬಿಡಬೇಕು ಎನ್ನುವಾಗ ಒಂದು ಸಂಜೆ ಸಬಿಹಾ ನಾಲ್ಕನೆಯ ಮೂಲೆ ಮುಟ್ಟಿಸಿ ಎಂದಿನಂತೆ ದಾರದ ತುದಿಯನ್ನು ಅಕ್ಕನ ಎಡಗೈಗೆ ಕೊಟ್ಟಳು. ಕೈ ಅದನ್ನು ಹಿಡಿಯಲಿಲ್ಲ. ಅಂಚಿನ ಮೇಲೆ ಮೆಲ್ಲಗೆ ಸರಿದಾಡಿ ನಿಂತಿತು.

"ಇರ್ಲಿ ಬಿಡೆ," ಎಂದಳು ಮಕ್ಬುಲೆ. "ಚೆನ್ನಾಗಿದೆ."

ಸಣ್ಣವಳಿದ್ದಾಗಿನಿಂದ ಕೇಳಲು ಕಾದಿದ್ದ ಮಾತು. ಆದರೆ ಅಂಚು ಮುಗಿದರೆ ಅಕ್ಕನಿಗೆ ಕಾಯಲು ಏನೂ ಉಳಿಯುವುದಿಲ್ಲವೆಂದು ಸಬಿಹಾಳಿಗೆ ಹೊಳೆಯಿತು. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ, ದಾರದ ತುದಿ ಹಿಡಿದು ತಾನೇ ಎಳೆದಳು. ಮೂಲೆಯಿಂದ ಮೂಲೆಗೆ, ನಾಲ್ಕೂ ಕಡೆ, ಪೂರ್ತಿ.

"ಬಿಗಿ ಬಂದಿದೆ ಅಕ್ಕಾ," ಎಂದಳು. "ನಾಳೆ ಮತ್ತೆ ಹೆಣೀತೀನಿ."

ಮಕ್ಬುಲೆ ತಂಗಿಯನ್ನೇ ನೋಡಿದಳು. "ಕತ್ತೆ," ಎಂದಳು, ಪ್ರೀತಿಯಿಂದ.

ಬೆಳಿಗ್ಗೆ ಸಬಿಹಾ ಸೂಪು ತಂದಾಗ ಅಕ್ಕನ ಉಸಿರು ನಿಂತಿತ್ತು.

ಮೈ ತೊಳೆಸಿದ ಮೇಲೆ ನಾಜಿಫೆ ಗಂಟಿನಿಂದ ವಸ್ತ್ರ ತೆಗೆದವಳು ಬೆಚ್ಚಿಬಿದ್ದಳು. "ಇದು ಬೋಳಾಗಿದೆಯಲ್ಲೇ! ಬಟ್ಟೆ ಪೆಟ್ಟಿಗೆ ತುಂಬ ಅವಳೇ ಹೆಣೆದಿದ್ದು ಇದಾವೆ, ಒಂದು ಹೊದಿಸು. ಜನ ಏನಂತಾರೆ?"

"ಅವಳದ್ದು ಇದೇ," ಎಂದಳು ಸಬಿಹಾ.

ಅಂಗಳದಲ್ಲಿ ಹೆಂಗಸರು ನೋಡಿದರು, ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟಿದರು. ಸ್ವಂತ ತಂಗಿ ಒಂದು ಸಾಲು ಹಾಕಲಿಲ್ಲವಂತೆ. ಸಬಿಹಾಳಿಗೆ ಎಲ್ಲ ಕೇಳಿಸಿತು. ಮುಗಿದಿದ್ದ ಅಂಚನ್ನು ತನ್ನ ಕೈಯಾರೆ ಬಿಚ್ಚಿದ್ದನ್ನು ಯಾರಿಗೆ ಹೇಳುವುದು? ಮಣ್ಣು ಮುಗಿಸಿ ಬಂದ ಗಂಡಸರು ಶವಪೆಟ್ಟಿಗೆಯ ಮೇಲಿದ್ದ ವಸ್ತ್ರವನ್ನು ಮಡಚಿ ಅವಳ ಕೈಗೆ ಕೊಟ್ಟರು.

ಮಂದಿಯೆಲ್ಲ ಹೋದ ಮೇಲೆ ಅವಳು ಹಾಸಿಗೆಯ ಎಡಕ್ಕೆ ಕೂತು ಅದೇ ಗುಂಗುರು ದಾರದಲ್ಲಿ, ಅವೇ ತೂತುಗಳಲ್ಲಿ ಮೊದಲಿನಿಂದ ಹೆಣೆದಳು. ಬಿಗಿಯಾಗಲಿಲ್ಲ, ಸುಕ್ಕಾಗಲಿಲ್ಲ. ಕೊನೆಯ ಮೂಲೆ ಮುಟ್ಟಿಸಿ ದಾರದ ತುದಿಯನ್ನು ಖಾಲಿ ಹಾಸಿಗೆಯ ಕಡೆ ಚಾಚಿದಳು. ಬಹಳ ಹೊತ್ತು ಹಾಗೇ ಚಾಚಿಕೊಂಡು ಕೂತಿದ್ದಳು. ಯಾರೂ ಎಳೆಯಲಿಲ್ಲ.