ಹಾಸುಬಂಡೆಗೊಂದು ಅರಿಶಿನ ಬಣ್ಣದ ಸೈಕಲ್ಲು

ನಮ್ಮ ಹಿಪ್ಪುನೇರಳೆ ತೋಟ ಎರಡು ತುಂಡು. ಒಂದು ಮನೆಯ ಹಿಂದೆಯೇ ಇದೆ. ಇನ್ನೊಂದು ಮಾಸ್ತಿ ದಾರಿಯ ಗುಡ್ಡದಲ್ಲಿ, ಹಾಸುಬಂಡೆ ದಾಟಿದ ಮೇಲೆ ಸಿಗುತ್ತದೆ. ಮೇಲಿನದನ್ನು ನಾನು ರೇಷ್ಮೆಗೂಡು ಮಾರಿ ಉಳಿಸಿದ ದುಡ್ಡಿನಲ್ಲಿ ಕೊಂಡು, ಕಲ್ಲು ಆರಿಸಿ, ಕಡ್ಡಿ ನೆಟ್ಟು ಎಬ್ಬಿಸಿದ್ದು. ಸೊಪ್ಪು ಕೊಯ್ದು ಹೊರಲು ಆಳುಗಳಿದ್ದಾರೆ, ಆದರೆ ತೋಟದ ಮೇಲೆ ದಿನಾ ಒಂದು ಕಣ್ಣು ಇರಲೇಬೇಕು. ನನ್ನ ಮೊಣಕಾಲು ಹಿಡಿದುಕೊಂಡ ಮೇಲೆ ಆ ಕಣ್ಣು ಅಲ್ಲಿಗೆ ಹೋಗುವುದೇ ಕಷ್ಟವಾಯಿತು. ನಮ್ಮ ಸ್ಕೂಟರ್ ಆ ಜಲ್ಲಿಯಲ್ಲಿ ಹತ್ತುವುದಕ್ಕಿಂತ ಜಾರುವುದೇ ಹೆಚ್ಚು.

"ಪಕ್ಕದ ತೋಟದವನು ಕೇಳ್ತಾವ್ನೆ, ಗುತ್ತಿಗೆಗೆ ಕೊಟ್ಬಿಡೋಣ ಕಣೇ," ಎಂದರು ನಮ್ಮ ಮನೆಯವರು.

"ಈ ಸಲದ ಹುಳು ಹಣ್ಣಾಗೋವರ್ಗೂ ತಡೀರಿ," ಎಂದೆ. ಹುಳು ಹಣ್ಣಾಗಿ ಗೂಡು ಕಟ್ಟಲು ಶುರುಮಾಡಿದರೆ ನನ್ನ ಗಡುವು ಮುಗಿದಂತೆ.

ಡಾಕ್ಟರು ನನಗೆ ಹೇಳಿದ್ದು ಇಷ್ಟೇ: ಮೊಣಕಾಲಿನ ಮೇಲೆ ಭಾರ ಹಾಕಬೇಡಿ, ಸೈಕಲ್ ತುಳಿಯಿರಿ. ಆ ಭಾನುವಾರವೇ ಬೆಂಗಳೂರಿನ ಕಡೆಯವನೊಬ್ಬ ನಮ್ಮ ಗುಡ್ಡದಿಂದ ದಪ್ಪ ಟೈರಿನ ಸೈಕಲ್ಲಿನಲ್ಲಿ ಇಳಿದು ಬಂದು, ನಮ್ಮ ಜಗಲಿಯ ಮೇಲೆ ಕೂತು ನೀರು ಕೇಳಿದ. ನಾನು ಮಜ್ಜಿಗೆ ಕೊಟ್ಟೆ. ಮಜ್ಜಿಗೆ ಕುಡಿದವನು ಸೈಕಲ್ಲನ್ನು ಒಂದು ಸುತ್ತು ಕೊಡದೆ ಹೋಗುವುದುಂಟೇ? ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಕಲಿತದ್ದು ಮರೆತಿರಲಿಲ್ಲ. ಪೆಡಲ್ ಒತ್ತಿದರೆ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗೆ ಆಯಿತು. ತಿರುಗಿ ನೋಡಿದೆ, ಯಾರೂ ಇಲ್ಲ. ನಮ್ಮ ವಾರಗಿತ್ತಿ ಬಾಗಿಲಲ್ಲಿ ನಿಂತು, "ಅಕ್ಕಾ, ಹಾಗೇ ಕೋಲಾರಕ್ಕೆ ಹೋಗಿ ಒಂದ್ ಕೊತ್ತಂಬರಿ ಕಟ್ಟು ತಗೊಂಬಾ," ಎಂದು ನಕ್ಕಳು. ನಾನು ಕೋಲಾರಕ್ಕೆ ಹೋಗಿದ್ದು ಮಾರನೆಯ ದಿನ, ಮನೆಯವರನ್ನು ಕರೆದುಕೊಂಡು.

ಅಂಗಡಿಯಲ್ಲಿ ಅಂಥ ಬ್ಯಾಟರಿ ಸೈಕಲ್ಲಿನ ಎರಡು ಮಾಡೆಲ್ ಇದ್ದವು. ಕೆಂಪನೆಯದಕ್ಕೆ ಹಿಂದಿನ ಚಕ್ರದ ನಡುವೆ ಮೋಟಾರು, ಕಪ್ಪನೆಯದಕ್ಕೆ ಪೆಡಲ್ ತಿರುಗುವ ಜಾಗದಲ್ಲಿ. ನಾನು ಎರಡರ ಮುಂದಿನ ಚಕ್ರವನ್ನೂ ಒಂದು ಗೇಣು ಎತ್ತಿ ಬಿಟ್ಟು ಕಿವಿಗೊಟ್ಟೆ. ಕೆಂಪು ಲೊಟಲೊಟ ಎಂದಿತು. ಮನಸ್ಸಿಗೆ ಖುಷಿಯಾಗಿ, "ಇದು ಚೆನ್ನಾಗಿದೆ," ಎಂದುಬಿಟ್ಟೆ.

ಅಂಗಡಿಯವರು ಮುಳಬಾಗಿಲಿನ ಕಡೆಯವರು, ಮಾತಿಗೆ ತೆಲುಗು ಬೆರೆಯುತ್ತಿತ್ತು. ನಕ್ಕು, "ಲೇದಮ್ಮಾ, ಇದು ರೇಷ್ಮೆಗೂಡಲ್ಲ. ಇಲ್ಲಿ ಸದ್ದು ಬಂದ್ರೆ ಎಲ್ಲೋ ನಟ್ಟು ಸಡಿಲ ಅಂತ ಅರ್ಥ," ಎಂದರು.

ಗೂಡಿನ ಮಾರುಕಟ್ಟೆಯಲ್ಲಿ ಒಂದೊಂದನ್ನೇ ಕಿವಿಯ ಪಕ್ಕ ಅಲ್ಲಾಡಿಸಿ, ಒಳಗೆ ಸದ್ದು ಬಂದರೆ ಹುಳು ಸರಿಯಾಗಿ ಕೋಶವಾಗಿದೆ ಎಂದು ಇಡೀ ಲಾಟ್ ಕೊಳ್ಳುವವರ ನಡುವೆ ಬೆಳೆದ ಕಿವಿ ನನ್ನದು. ಅದಕ್ಕೆ ಬೇರೆ ಏನು ಗೊತ್ತಾಗಬೇಕು? ಮನೆಯವರು ಅತ್ತ ತಿರುಗಿಕೊಂಡರು, ಭುಜ ಮಾತ್ರ ಕುಲುಕುತ್ತಿತ್ತು.

ಆದರೆ ಅದೇ ಮಾರುಕಟ್ಟೆಯ ಇನ್ನೊಂದು ಪಾಠ ಕೈಗೆ ಬಂತು. "ಅಣ್ಣಾ, ಗೂಡು ತಗೊಳ್ಳೋರು ಕತ್ತರಿಸಿ ಒಳಗೆ ನೋಡ್ದೆ ರೇಟು ಹೇಳ್ತಾರಾ? ನಂಗೂ ಸ್ಯಾಂಪಲ್ ತೋರ್ಸಿ. ಎರಡನ್ನೂ ನಮ್ಮ ಬಂಡೆಗೆ ತನ್ನಿ."

"ಅಂಗಡಿ ಮುಂದೆ ರೋಡಿದೆಯಲ್ಲಮ್ಮಾ, ಓಡಿಸಿ ನೋಡಿ."

"ರೋಡಲ್ಲಿ ಓಡಾಡೋದಕ್ಕೆ ನನ್ನ ಸ್ಕೂಟರೇ ಇದೆ."

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಬೆಲೆಯ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಚೌಕಾಸಿ ಮಾಡಬೇಕಾದದ್ದು ನಿಮ್ಮ ದಾರಿಯಲ್ಲಿ ಓಡಿಸಿ ನೋಡುವುದಕ್ಕೆ. ಅಲ್ಲಿಗೆ ಬರಲು ಒಪ್ಪದ ಅಂಗಡಿಯವರು ಆಮೇಲೆ ರಿಪೇರಿಗೂ ಬರುವುದಿಲ್ಲ. ಇವರು ಗೊಣಗಿದರು, ಟೀ ತರಿಸಿದರು, ಟೀ ಮುಗಿಯುವಷ್ಟರಲ್ಲಿ ಒಪ್ಪಿದರು.

ಲಗೇಜ್ ಆಟೋದಲ್ಲಿ ಎರಡೂ ನಮ್ಮ ಮನೆ ಮುಂದೆ ಬಂದಿಳಿದವು. ಮೊದಲು ಕೆಂಪು ಹತ್ತಿದೆ. ಕೆಳಗೆ ಗಾಳಿಯ ಹಾಗೆ ಓಡಿದ್ದು ಬಂಡೆಯ ಅರ್ಧಕ್ಕೆ ನಿಂತಿತು. ಚಕ್ರದ ನಡುವೆ ಕೈಯಿಟ್ಟರೆ ಹೆಂಚಿನ ಹಾಗೆ ಬಿಸಿ. ಕಪ್ಪು ನಿಧಾನ, ಆದರೆ ಗೇರು ಇಳಿಸಿದ ಹಾಗೆಲ್ಲ ಅದರ ಮೋಟಾರಿಗೂ ಹಗುರವಾಗುತ್ತಿತ್ತು. ಬಂಡೆ ದಾಟಿ ತೋಟದ ಬೇಲಿ ಮುಟ್ಟಿತು. ಮೊಣಕಾಲು ಒಂದು ಮಾತೂ ಆಡಲಿಲ್ಲ.

ಕೆಳಗಿಳಿದು ಬಂದವಳೇ, "ಕಪ್ಪು," ಎಂದೆ.

"ರಾತ್ರಿ ಚಾರ್ಜಿಗೆ ಎಲ್ಲಿಡ್ತೀಯ?" ಎಂದರು ಮನೆಯವರು. ಅದರ ಬ್ಯಾಟರಿ ಚೌಕಟ್ಟಿನ ಕೊಳವೆಯೊಳಗೆ ಕೂತಿತ್ತು, ಬಿಚ್ಚುವ ಹಾಗಿಲ್ಲ. ನಮ್ಮ ಮನೆಯ ಮೆಟ್ಟಿಲು ತುಂಬ ಕಡಿದಾದದ್ದು, ಅಷ್ಟು ತೂಕ ಏರಿಸುವುದು ನನ್ನಿಂದ ಆಗದು. ನೆಲಮಟ್ಟದಲ್ಲಿ ಪ್ಲಗ್ ಇರುವುದು ಹುಳುಮನೆಯಲ್ಲಿ ಮಾತ್ರ.

"ಹುಳುಮನೇಲಿಡಿ ಅಮ್ಮಾ, ನಾಲ್ಕು ಗಂಟೆ ತಾನೆ," ಎಂದರು ಅಂಗಡಿಯವರು.

ವಾರಗಿತ್ತಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲಿ ನಾವು ಮೈಗೆ ಪೌಡರ್ ಹಾಕ್ಕೊಂಡೂ ಹೋಗಲ್ಲ. ಹೊಸ ಟೈರಿನ ವಾಸನೆ ತಗಂಡೋಗ್ತೀರಾ? ಹುಳಕ್ಕೇನಾದ್ರೂ ಆದ್ರೆ ನೀವು ಗೂಡು ಕಟ್ಕೊಡ್ತೀರಾ?"

ಹುಳುಮನೆಯಲ್ಲಿ ಹುಳುಗಳು ಕೊನೆಯ ಜ್ವರ ದಾಟಿ, ಪೊರೆ ಕಳಚಿ, ಮಳೆ ಬಿದ್ದ ಸದ್ದು ಮಾಡುತ್ತಾ ಸೊಪ್ಪು ಮೇಯುತ್ತಿದ್ದವು. ನನ್ನ ಗಡುವಿಗೆ ಇನ್ನು ಕೆಲವೇ ದಿನ. ಮನೆಯವರು ಪಕ್ಕದ ತೋಟದ ಕಡೆ ನೋಡುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು.

"ಇದೇ ಮೋಟಾರು, ಬ್ಯಾಟರಿ ಬಿಚ್ಚೋ ಅಂಥದ್ದು ಇಲ್ಲವೇ ಇಲ್ವಾ?" ಎಂದು ಕೇಳಿದೆ.

ಅಂಗಡಿಯವರು ತಲೆ ಕೆರೆದುಕೊಂಡರು. "ಒಂದಿದೆ ಅಮ್ಮಾ. ಅಳತೆ ಸ್ವಲ್ಪ ಚಿಕ್ಕದು. ಬಣ್ಣ ನೋಡಿ ಯಾರೂ ತಗೊಳ್ಳಲಿಲ್ಲ, ಗೋಡೌನಲ್ಲಿದೆ. ಅರಿಶಿನದ ಹಂಗಿದೆ."

ನನ್ನೊಳಗಿನ ವ್ಯಾಪಾರಿ ಎದ್ದು ಕೂತಳು. ಯಾರೂ ಕೇಳದ ಬಣ್ಣ, ಜಾಗ ತಿನ್ನುತ್ತಿರುವ ಮಾಲು, ಚಿಕ್ಕ ಅಳತೆ, ಅದೂ ನನ್ನ ಎತ್ತರಕ್ಕೆ ಸರಿ. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುವವರು ಚೌಕಾಸಿಗೆ ಬಾಗಿಲು ತೆಗೆದಿಟ್ಟ ಹಾಗೆ. "ಬಣ್ಣ ನಂಗೂ ಅಷ್ಟೊಂದು ಹಿಡಿಸ್ತಿಲ್ಲ," ಎಂದೆ, ನೋಡುವುದಕ್ಕೆ ಮೊದಲೇ. ಅದು ಬಂದು, ಅದೇ ಬಂಡೆಯನ್ನು ಹತ್ತಿ ತೋರಿಸಿದ ಮೇಲೆ, ಹಿಂದೆ ಕ್ಯಾರಿಯರ್, ಒಂದು ಹೆಲ್ಮೆಟ್, ಸರ್ವಿಸ್‌ಗೆ ಮನೆಗೇ ಬರುವ ಮಾತು, ಎಲ್ಲವನ್ನೂ ಸೇರಿಸಿಕೊಂಡೇ ಬೆಲೆಗೆ ಬಂದೆ. ನೀವೂ ಸೈಕಲ್ ನಿಲ್ಲಿಸಿದಾಗ ಎರಡು ಕಾಲೂ ನೆಲಕ್ಕೆ ಸಿಗುವ ಅಳತೆಯನ್ನೇ ಆರಿಸಿ. ಏರಿನಲ್ಲಿ ಮೋಟಾರು ಜೊತೆಗಿರುತ್ತದೆ, ಇಳಿಜಾರಿನಲ್ಲಿ ನಿಮ್ಮ ಕಾಲೇ ಗತಿ.

ಈಗ ಬ್ಯಾಟರಿ ಅಡುಗೆಮನೆಯಲ್ಲಿ, ರಾಗಿ ಡಬ್ಬದ ಪಕ್ಕ ಚಾರ್ಜ್ ಆಗುತ್ತದೆ.

ಹುಳು ಹಣ್ಣಾಗತೊಡಗಿದ ದಿನ ಮನೆಯವರ ಬಾಯಿಂದ ಗುತ್ತಿಗೆಯ ಮಾತು ಬರುವುದಕ್ಕೆ ಮೊದಲೇ ನಾನು ಬಂಡೆ ಏರಿದೆ. ಮೇಲೆ ನಿಂತು ಚಿಗುರು ನೋಡುತ್ತಿದ್ದಾಗ ಅವರು ಕೆಳಗೆ ಫೋನಿನಲ್ಲಿ ಜೋರಾಗಿ ಮಾತಾಡುವುದು ಕೇಳಿಸಿತು: "ಇಲ್ಲಪ್ಪ, ತೋಟ ಕೊಡಲ್ಲ. ನಮ್ಮೋಳೇ ನೋಡ್ಕೊಂತಾಳೆ." ಆಮೇಲೆ ತಲೆಯೆತ್ತಿ, "ಲೇ, ಸಾಯಂಕಾಲ ನಂಗೂ ಒಂದು ರೌಂಡ್ ಕೊಡ್ತೀಯಾ?" ಎಂದರು.

"ಕೊಡ್ತೀನಿ. ಬರುವಾಗ ಇನ್ನೂ ಮೇಯೋ ಹುಳಕ್ಕೆ ಸೊಪ್ಪಿನ ಹೊರೆ ತರ್ತೀರಾ?"

ಬಂಡೆಯ ಏರನ್ನೊಮ್ಮೆ ಕಣ್ಣಲ್ಲೇ ಅಳೆದು, "ಅರ್ಧ ಹೊರೆ," ಎಂದರು. ನಾನು ಒಪ್ಪಿಕೊಂಡೆ.