ಸವೆಯದ ಗಾಲಿ

ನಮ್ಮ ಮಾಲಕರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲಿ ಎರಕದ ಪೆಟ್ಟಿಗೆ ಮೇಲೆ ಬಿದ್ದು ಕಿತ್ತುಹೋದ ಉಗುರು ಮತ್ತೆ ಬರಲೇ ಇಲ್ಲ. ಆ ಜಾಗ ದಡ್ಡುಗಟ್ಟಿ, ಹುಣಸೆ ಬೀಜದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಆ ಬೆರಳಿನಿಂದ ಅವರು ಕಂಡದ್ದನ್ನೆಲ್ಲ ಬಡಿದು, ಕಿವಿಗೊಟ್ಟು ಕೇಳುತ್ತಿದ್ದರು. ಕಲ್ಲಂಗಡಿ, ಬಾಗಿಲು, ಬಾಜು ಮನೆಯವರು ತಂದ ಹೊಸ ಕಾರು, ಯಾವುದನ್ನೂ ಬಿಟ್ಟವರಲ್ಲ. ನನ್ನ ಮದುವೆಯಲ್ಲಿ ಬೀಗರು ಕೊಟ್ಟ ಕಪಾಟನ್ನು ಬಡಿದು, ಎಲ್ಲರ ಮುಂದೆ, "ಇದು ಡಬ್ಬಿ ತಮ್ಮಾ, ಕಪಾಟಲ್ಲ" ಅಂದಿದ್ದರು. ಮಾವನವರು ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಕಪಾಟೂ ಬಹಳ ದಿನ ಬಾಳಲಿಲ್ಲ ಅನ್ನುವುದು ಬೇರೆ ಮಾತು.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ. ಇವತ್ತು ಬೆಳಗಾವಿ ಬಾಜುವಿನ ಮಚ್ಛೆಯಲ್ಲಿ ನನ್ನದೇ ಶೆಡ್ಡು ಇದೆ, ಕಬ್ಬಿಣ ಕಡೆಯುವ ನನ್ನದೇ ಲೇತ್ ಇದೆ, ಯಾರ ಮುಂದೆಯೂ ಕೈ ಚಾಚಿಲ್ಲ. ಆದರೆ ಆ ಲೇತಿನ ಮುಂದೆ ಹೇಗೆ ನಿಲ್ಲಬೇಕು ಅನ್ನುವುದರಿಂದ ಹಿಡಿದು ಎಲ್ಲವನ್ನೂ ಕಲಿತದ್ದು ಅವರ ಫೌಂಡ್ರಿಯಲ್ಲಿ. ಪಾರಿಶ್ವಾಡದಲ್ಲಿ ನಮ್ಮ ಮನೆಯ ಹಿತ್ತಲಿನ ಮೇವು ಕತ್ತರಿಸುವ ಮಷೀನಿನ ಗಾಲಿಯೂ ಅದೇ ಫೌಂಡ್ರಿಯಲ್ಲಿ ಎರಕ ಹೊಯ್ದದ್ದು. ಖಾನಾಪುರ ತಾಲೂಕಿನಲ್ಲಿ ಅಂಥ ಗಾಲಿ ಇನ್ನೂ ಎಷ್ಟು ಹಿತ್ತಲಲ್ಲಿ ತಿರುಗುತ್ತಿವೆಯೋ ಗೊತ್ತಿಲ್ಲ. ಮಾಲಕರಿಗೆ ಅದೇ ದೊಡ್ಡ ಹೆಮ್ಮೆ. "ನಾ ಮಾರಿದ್ದು ಯಾವುದೂ ತಿರುಗಿ ದುರಸ್ತಿಗಿ ಬಂದಿಲ್ಲ" ಅನ್ನುತ್ತಿದ್ದರು. ಖರೇ ಮಾತು.

ಅಂಥವರ ಎದೆ ಕೈಕೊಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಡಾಕ್ಟರು ಹೇಳಿದ್ದು ಒಂದೇ: ದಿನಾ ನಡೀರಿ, ಮೆಲ್ಲಗೆ, ಬಿಡದೆ. ಅವರ ಮನೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ. ಅಗಲವಾದ ರಸ್ತೆ, ಹತ್ತಿರದಲ್ಲೇ ಗಾರ್ಡನ್ನು. ನಡೆಯುವುದಕ್ಕೆ ಇನ್ನೇನು ಬೇಕು? ಮೊದಲ ದಿನವೇ ಗಾರ್ಡನ್ನಿನ ಬೆಂಚಿನಲ್ಲಿ ದಮ್ಮು ಹತ್ತಿ ಕೂತಿದ್ದಾಗ, ಪರಿಚಯದವರೊಬ್ಬರು ಬಂದು, "ಮಾಲಕ್ರ, ಸ್ಕೂಟರ್ ಮ್ಯಾಲೆ ಮನಿಗಿ ಬಿಡ್ಲೇನ್ರಿ?" ಅಂದರಂತೆ. ಅಷ್ಟೇ. ಮರುದಿನದಿಂದ ಮಾಲಕರು ಗೇಟು ದಾಟಲಿಲ್ಲ.

"ನಾ ಏನ್ ಮೂಟಿ ಏನು, ಗಾಡಿ ಮ್ಯಾಲೆ ಹೇರಾಕ? ಮನ್ಯಾಗ ಮಷೀನ್ ಹಾಕ್ಸತೇನಿ."

ಅವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಅಂತಲೇ ಕರೆಯುವುದು. ಸಣ್ಣ ದನಿಯ, ಸಣ್ಣ ಮೈಯ ಹೆಂಗಸು. ಅವರು ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: "ತಮ್ಮಾ, ಯಾವುದರ ಒಂದು ತಗೊಂಡ ಬರ್ರಿ. ಜಲ್ದಿ ತರ್ರಿ. ಇವ್ರು ಕುಂತಲ್ಲೆ ಕುಂತಾರ. ಡಾಕ್ಟರು ಸುಮ್ಮನ ಹೇಳಿಲ್ಲ."

ಹಾಗೆ ನಾವಿಬ್ಬರೂ ಬೆಳಗಾವಿಯ ಅಂಗಡಿಗಳನ್ನು ಹತ್ತಿ ಇಳಿಯಲು ಶುರು ಮಾಡಿದೆವು. ಮೊದಲು ಟ್ರೆಡ್‌ಮಿಲ್. ಮಾಲಕರು ಅದರ ಮುಸುಡಿಯನ್ನು ಬಡಿದರು. ಡಬ್ ಅಂತು.

"ಇದರ ಪಟ್ಟಾ ಹರದರ?" ಅಂತ ಸೇಲ್ಸಿನ ಹುಡುಗಿಯನ್ನು ಕೇಳಿದರು.

"ಆರ್ಡರ್ ಹಾಕಿ ತರಸ್ತೀವ್ರಿ, ಅಂಕಲ್."

"ಅಲ್ಲೀತನ ನನ್ನ ಎದಿ ಪೋಸ್ಟ್ ಆಫೀಸಿನ್ಯಾಗ ಕುಂತಿರಬೇಕೇನು?"

ಆ ಹುಡುಗಿ ನಕ್ಕು, ಇನ್ನೊಂದು ತೋರಿಸಿದಳು. ನಿಂತು ಕೈಕಾಲು ಎರಡೂ ಆಡಿಸುವಂಥದ್ದು. ಅದರ ಕೀಲುಗಳನ್ನು ಹಿಡಿದು ಅಲ್ಲಾಡಿಸಿದರು. "ಹೊಸದಿದ್ದಾಗ ಇಷ್ಟು ಆಡತಾವ. ಹಳೇದಾದ ಮ್ಯಾಲೆ ಕುಣೀತಾವ." ಆಮೇಲೆ ನಿಂತಲ್ಲೇ ತುಳಿಯುವ ಒಂದು ಸೈಕಲ್ಲು. ದಪ್ಪ ಕಬ್ಬಿಣದ ಚೌಕಟ್ಟು, ಅಲುಗಾಡದೆ ನಿಂತಿತ್ತು, ಪೆಡಲು ಇಲ್ಲೇ ಸಿಗುವಂಥದ್ದು. ನಾನು ಬಗ್ಗಿ ಬೆಸುಗೆ ನೋಡಿದೆ. ಚೊಲೋ ಇತ್ತು. "ಇದು ನಡೀತೈತ್ರಿ ಮಾಲಕ್ರ" ಅಂದೆ. ಮಾಲಕರು ಬಗಲಿನ ಪ್ಲಾಸ್ಟಿಕ್ ಮುಚ್ಚಳ ಬಡಿದು, "ತಗದು ತೋರ್ಸು, ಒಳಗ ಏನೈತಿ" ಅಂದರು. ಮುಚ್ಚಳ ತೆಗೆಯಲು ಅಂಗಡಿಯವರು ಒಪ್ಪಲಿಲ್ಲ. "ಹೊಟ್ಟಿ ತೋರ್ಸಲಾರದ ಮಷೀನ್ ನಾ ತಗೊಳ್ಳಾಂಗಿಲ್ಲ" ಅಂತ ಹೊರಗೆ ಬಂದುಬಿಟ್ಟರು. ಮೆಟ್ಟಿಲು ಇಳಿಯುವಾಗ ನನ್ನ ಹೆಗಲು ಹಿಡಿದುಕೊಂಡಿದ್ದರು. ಆ ಕೈಯ ಭಾರ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು.

ಒಂದು ದಿನ, "ನಿಮ್ಮೂರಿಗಿ ಹೋಗೂಣು ನಡಿ" ಅಂದರು. ಖಾನಾಪುರ ದಾಟಿ ಪಾರಿಶ್ವಾಡಕ್ಕೆ ಕರೆದುಕೊಂಡು ಹೋದೆ. ಹಿತ್ತಲಲ್ಲಿ ನಮ್ಮ ಮೇವಿನ ಮಷೀನಿನ ಎದುರು ನಿಂತು ಆ ಹೆಬ್ಬೆರಳಿನಿಂದ ಗಾಲಿಯನ್ನು ಬಡಿದರು. ಅದು ಗಂಟೆಯ ಹಾಗೆ ಹಾಡಿತು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ.

"ಇದು ಗಾಲಿ. ಇದಕ್ಕ ಒಂದು ಸೀಟು, ಎರಡು ಪೆಡಲ್ ಹಚ್ಚಿದ್ರ ಮುಗೀತು."

ಆ ಗಾಲಿಯ ಮರದ ಅಚ್ಚು ಫೌಂಡ್ರಿಯ ಅಟ್ಟದ ಮೇಲೆ ಇನ್ನೂ ಇತ್ತು. ಮಾಲಕರು ಕುರ್ಚಿ ಹಾಕಿಸಿಕೊಂಡು ಕೂತು, ತಾವೇ ನಿಗಾ ಇಟ್ಟು ಎರಕ ಹೊಯ್ಯಿಸಿದರು. ಲೇತಿನ ಕೆಲಸ ನಾನು ಮಾಡಿದೆ. ಚೈನು ಜಗ್ಗುತ್ತದೆ, ಬೇಡ ಅಂದರು. ಗೇರು ಹಾಕಿದೆವು. ಸೈಕಲ್ಲಿನ ಹಾಗೆ ಕಾಲು ನಿಲ್ಲಿಸಿದರೂ ಗಾಲಿ ತಾನೇ ತಿರುಗುವಂಥ ಫ್ರೀವ್ಹೀಲ್ ಹಾಕೋಣ ಅಂದೆ. ಅದರೊಳಗಿನ ಸ್ಪ್ರಿಂಗು ಮುರಿಯುತ್ತದೆ, ಬೇಡ ಅಂದರು.

"ಹಂಗಾದ್ರ ಬ್ರೇಕರೆ ಹಾಕೂಣ್ರಿ" ಅಂದೆ.

"ಬ್ರೇಕ್ ಅಂದ್ರ ಏನು? ದಿನಾ ಸವೆಯೂ ಸಾಮಾನು. ನಾ ಜೀವನದಾಗ ಸವೆಯೂ ಸಾಮಾನು ಮಾಡಿ ಕೊಟ್ಟಿಲ್ಲ. ನಂಗಽ ಮಾಡ್ಕೋತೇನೇನು?"

ಅವರ ಎದುರು ಎರಡನೇ ಸಲ ಹೇಳುವ ಪದ್ಧತಿ ನಮ್ಮ ಫೌಂಡ್ರಿಯಲ್ಲಿ ಇರಲಿಲ್ಲ.

ಇಷ್ಟಾಗುವ ಹೊತ್ತಿಗೆ ಮಳೆಗಾಲ ಮುಗಿದು ಚಳಿ ಬಂದಿತ್ತು. ಅಷ್ಟು ದಿನವೂ ಅವರು ನಡೆದಿರಲಿಲ್ಲ. ವೈನಿ ಬಾಗಿಲಲ್ಲಿ ಚಪ್ಪಲಿ ಇಟ್ಟು, "ಅಂಗಳದಾಗರ ನಡೀರಿ" ಅನ್ನುವುದು, ಇವರು "ಮಷೀನ್ ಬರಲಿ" ಅನ್ನುವುದು, ಇದೇ ನಡೆದಿತ್ತು.

ಮಷೀನು ಬಂತು. ಅದನ್ನು ಮಹಡಿಯ ಮೇಲೆ, ಅವರು ಮಲಗುವ ಮೊದಲ ಮಜಲೆಗೆ, ಹೊರಲು ನನ್ನ ಶೆಡ್ಡಿನ ಆಳುಗಳೆಲ್ಲ ಬೇಕಾಯಿತು. ಮಾಲಕರು ಹತ್ತಿ ಕೂತು ತುಳಿದರು. ಗಾಲಿ ಅಲುಗಲಿಲ್ಲ. ಅಷ್ಟು ಭಾರದ ಗಾಲಿಯನ್ನು ನಿಂತಲ್ಲಿಂದ ಎಬ್ಬಿಸುವ ಶಕ್ತಿ ಅವರ ಕಾಲಿನಲ್ಲಿ ಉಳಿದಿರಲಿಲ್ಲ. ಮುಖ ಕೆಂಪಾಯಿತು. ಆಗ ವೈನಿ ಸೆರಗು ಸಿಕ್ಕಿಸಿಕೊಂಡು ಬಂದು, ಗಾಲಿಯ ಅಂಚಿಗೆ ಎರಡೂ ಕೈಯಿಟ್ಟು ನೂಕಿದರು, ಹೊಲದಲ್ಲಿ ಮೇವು ಕತ್ತರಿಸಿ ಬೆಳೆದ ಕೈ ಅದು. ಗಾಲಿ ಎದ್ದಿತು. ಒಮ್ಮೆ ಎದ್ದ ಮೇಲೆ ಏನು ಚಂದ ತಿರುಗುತ್ತಿತ್ತು ಅಂತೀರಿ! ಸಪ್ಪಳವಿಲ್ಲ, ನಡುಗುವುದಿಲ್ಲ.

"ನೋಡು" ಅಂದರು ಮಾಲಕರು. "ಇವತ್ತ ಹುಟ್ಟಿದ ಕೂಸು ಮುದುಕಿ ಆಗೂತನ ತಿರಗತೈತಿ."

ಅದರ ಮೇಲೆ ದಿನಾ ಬೆಳಿಗ್ಗೆ ವೈನಿ ನೂಕುವುದು, ಅವರು ತುಳಿಯುವುದು. ಕಾಲು ಜಾರಬಾರದೆಂದು ಪೆಡಲಿಗೆ ಪಟ್ಟಿ ಬೇರೆ ಕಟ್ಟಿಸಿಕೊಂಡಿದ್ದರು. ಮನೆಗೆ ಬಂದವರನ್ನೆಲ್ಲ ಮಜಲೆ ಹತ್ತಿಸಿ ತೋರಿಸುತ್ತಿದ್ದರು.

ಒಂದು ರವಿವಾರ ನಾನು ಹೋದಾಗ ತುಳಿಯುತ್ತಲೇ ಇದ್ದರು. ನನ್ನನ್ನು ಕಂಡು ಹುರುಪಿನಿಂದ ಇನ್ನಷ್ಟು ಜೋರು ಮಾಡಿದರು. ಮಾತಾಡುತ್ತಿದ್ದವರು ಅರ್ಧಕ್ಕೆ ನಿಂತರು. ತುಟಿ ಬೆಳ್ಳಗಾಯಿತು. ಹಣೆಯಿಂದ ಬೆವರು ಇಳಿಯಿತು. ಕಾಲು ನಿಲ್ಲಿಸಲು ನೋಡಿದರು, ಗಾಲಿ ಕೇಳಲಿಲ್ಲ. ಅದು ಅವರ ಕಾಲುಗಳನ್ನು ತಾನೇ ಎತ್ತಿ ಇಳಿಸಿ, ಎತ್ತಿ ಇಳಿಸಿ ಒಯ್ಯುತ್ತಿತ್ತು. ಪಟ್ಟಿ ಕಟ್ಟಿದ್ದರಿಂದ ಪಾದ ಹೊರಗೆ ಬರಲಿಲ್ಲ.

"ನಿಲ್ಲಸ್ರಿ, ತಮ್ಮಾ, ನಿಲ್ಲಸ್ರಿ" ಅಂತ ವೈನಿ ಅವರನ್ನು ಹಿಂದಿನಿಂದ ಅಪ್ಪಿ ಹಿಡಿದರು.

ಕೈ ಹಾಕಿದ್ದರೆ ನನ್ನ ಬೆರಳು ಹೋಗುತ್ತಿದ್ದವು. ಸೊಂಟದ ಚರ್ಮದ ಬೆಲ್ಟು ಎಳೆದು ತೆಗೆದೆ. ಗಾಲಿಯ ಮೇಲೆ ಹಾಯಿಸಿ, ಎರಡೂ ತುದಿ ಹಿಡಿದು, ಮೈಭಾರ ಬಿಟ್ಟು ಜಗ್ಗಿದೆ. ತೊಗಲು ಸುಟ್ಟ ವಾಸನೆ ಕೋಣೆ ತುಂಬಿತು. ಗಾಲಿ ಗುರುಗುಟ್ಟುತ್ತ, ಮನಸ್ಸಿಲ್ಲದೆ ನಿಂತಿತು.

ಅವರನ್ನು ಇಳಿಸಿ ಗೋಡೆಗೆ ಒರಗಿಸಿದೆವು. ನಾಲಿಗೆ ಕೆಳಗೆ ಗುಳಿಗೆ ಇಟ್ಟ ಮೇಲೆ ಬಣ್ಣ ತಿರುಗಿತು. ಆಸ್ಪತ್ರೆಗೆ ಕರೆದೊಯ್ಯಲು ಕಾರು ತರಲು ಎದ್ದರೆ ನನ್ನ ಪ್ಯಾಂಟು ಜಾರುತ್ತಿತ್ತು. ಅದನ್ನು ಒಂದು ಕೈಯಿಂದ ಹಿಡಿದು ನಿಂತ ನನ್ನನ್ನು ಅವರು ನೋಡಿದರು. ಕೆಳಗೆ ಬಿದ್ದಿದ್ದ, ಕರಕಾಗಿ ತೆಳುವಾದ ಬೆಲ್ಟನ್ನೂ ನೋಡಿದರು.

"ತಮ್ಮಾ, ಸವೆಯೂದು ಒಂದು ಹಾಕಬೇಕಾಗಿತ್ತು" ಅಂದರು. ಆಮೇಲೆ, "ಗೂಟಕ್ಕ ನನ್ನ ಬೆಲ್ಟ್ ಐತಿ. ಹಾಕ್ಕೋ. ಹಿಂಗ ಬೀದ್ಯಾಗ ಹೋಗಬ್ಯಾಡ."

ಅವರು ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಸುಟ್ಟ ಬೆಲ್ಟಿನ ಉಳಿದ ತುಂಡನ್ನೇ ಕತ್ತರಿಸಿ ಗಾಲಿಗೆ ಬ್ರೇಕು ಮಾಡಿದೆ, ಸೀಟಿನ ಮುಂದೆ ಕೈಗೆ ಸಿಗುವ ಹಾಗೆ ಒಂದು ಹಿಡಿಕೆ ಕೂರಿಸಿದೆ. ಪೆಡಲಿನ ಪಟ್ಟಿ ಬಿಚ್ಚಿ ಎಸೆದೆ. ಮಾಲಕರು ತಾವೇ ಒತ್ತಿ ನೋಡಿ ಮಾಡಿಸಿಕೊಂಡರು. ಆ ಮೇಲೆ ಅವರು ತುಳಿದದ್ದು ಮೆಲ್ಲಗೆ, ಬ್ರೇಕಿನ ಹಿಡಿಕೆಯ ಮೇಲೆ ಆ ಉಗುರಿಲ್ಲದ ಬೆರಳು ಇಟ್ಟುಕೊಂಡು. ಯಾರನ್ನೂ ಕರೆದು ತೋರಿಸಲಿಲ್ಲ.

ಮುಂದಿನ ಮಳೆಗಾಲದಲ್ಲಿ, ಒಂದು ಬೆಳಿಗ್ಗೆ, ಚಹಾ ಕುಡಿಯುತ್ತ ಕೂತಲ್ಲೇ ಹೋದರು. ನಮ್ಮಲ್ಲಿ ಹಾಗೆ ಹೋದವರನ್ನು ಪುಣ್ಯವಂತರು ಅನ್ನುತ್ತಾರೆ. ಮಣ್ಣು ಮಾಡಿ ಬಂದ ದಿನ ವೈನಿ ನನ್ನನ್ನು ಕೇಳಿದರು: "ಮಷೀನ್ ಹುಡುಕೂ ದಿನದಾಗ ನಡದಿದ್ರ, ಇನ್ನಷ್ಟು ಇರತಿದ್ರೇನು?" ಅದನ್ನೇ ನಾನು ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಅಂದರು. ಆ ಮಷೀನು ಅವರಿಗೆ ದಿನ ಕೊಟ್ಟಿತೋ, ಅವರ ದಿನ ತಿಂದಿತೋ ಅಂತ, ಲೇತಿನ ಮುಂದೆ ನಿಂತಾಗ ಈಗಲೂ ಒಮ್ಮೊಮ್ಮೆ ಕೈ ನಿಂತುಬಿಡುತ್ತದೆ. ಆ ಗಾಲಿಯನ್ನು ಉಜ್ಜಿ ನುಣುಪು ಮಾಡಿದ ಕೈ ಇದೇ.

ದೀಪಾವಳಿ ಆದ ಮೇಲೆ ಒಂದು ರವಿವಾರ, ಗಾಲಿಗೆ ಜಂಗು ಹಿಡಿದಿರುತ್ತದೆ ಅಂತ ಎಣ್ಣೆ ಡಬ್ಬಿ ಹಿಡಿದು ಹೋದೆ. ಮಜಲೆ ಹತ್ತಿ ನೋಡಿದರೆ ಜಂಗು ಇಲ್ಲ. ಅಂಚು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬ್ರೇಕಿನ ತೊಗಲು ಮುಟ್ಟಿದೆ. ಕಾಗದದಷ್ಟು ತೆಳುವಾಗಿತ್ತು. ಮಾಲಕರು ಹೋಗುವ ಸ್ವಲ್ಪ ಮೊದಲಷ್ಟೇ ನಾನೇ ಹೊಸ ತುಂಡು ಹಾಕಿಹೋಗಿದ್ದೆ.

ಹಿಂದೆ ವೈನಿ ಚಹಾದ ಕಪ್ಪು ಹಿಡಿದು ನಿಂತಿದ್ದರು.

"ಯಾರ ಹತ್ತತಾರ್ರಿ ಇದನ್ನ?" ಅಂದೆ.

"ನಾನಽ" ಅಂದರು. "ನಂಗೂ ಬೀಪಿ ಐತಂತ. ಮೊದಲ ಇದನ್ನ ನೋಡಿದ್ರ ಅಂಜಿಕಿ ಬರತಿತ್ತು. ಈಗ ನಿಲ್ಲಸಾಕ ಬರತೈತಲ್ಲ." ಸ್ವಲ್ಪ ತಡೆದು, "ನೂಕವ್ರು ಯಾರೂ ಇಲ್ಲ. ನಾನಽ ನೂಕಿ, ನಾನಽ ಹತ್ತತೇನಿ. ತೊಗಲ ತೀರೇತಿ ನೋಡ್ರಿ, ಇನ್ನೊಂದು ತುಂಡು ಹಾಕಿ ಹೋಗ್ರಿ."

ರವಿವಾರ. ತೊಗಲಿನ ಅಂಗಡಿ ಮುಚ್ಚಿತ್ತು. ನನ್ನ ಸೊಂಟದಲ್ಲಿ ಮಾಲಕರ ಬೆಲ್ಟು ಇತ್ತು. ಅವರು ದಪ್ಪ ಆಳು. ನನಗೆ ಅದು ಒಂದು ಗೇಣು ಉದ್ದವಾಗಿ, ತುದಿ ಬಗಲಿಗೆ ಜೋತಾಡುತ್ತಿತ್ತು. ಕತ್ತರಿಸಿಕೋ ಅಂತ ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಮನಸ್ಸು ಬಂದಿರಲಿಲ್ಲ.

ವೈನಿಯಿಂದ ಚಾಕು ಇಸಿದುಕೊಂಡು, ಆ ತುದಿ ಕತ್ತರಿಸಿ, ಬ್ರೇಕಿಗೆ ಕೂರಿಸಿದೆ. ಅವರು ಗಾಲಿ ನೂಕಿ ಹತ್ತಿ ಕೂತರು. ನಾಲ್ಕು ಸುತ್ತು ತುಳಿದು ಹಿಡಿಕೆ ಒತ್ತಿದರು. ಗಾಲಿ ನಿಂತಿತು.

"ಹಿಡಿತೈತಿ" ಅಂದರು.